ಮೂರನೆಯ ಬಾಯಿ

ನಮ್ಮತ್ತೆಗೆ ಹೇಸಿಗೆ ಹುಟ್ಟಿಸದ ವಸ್ತು ಈ ಲೋಕದಲ್ಲಿ ಬಹಳ ಕಡಿಮೆ ಇತ್ತು. ಕ್ಯಾಂಟೀನಿನ ಟೀ ಲೋಟದ ಅಂಚು, ಬಸ್ಸಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಉಗುಳುವವರು, ಬೆರಳಿಗೆ ಎಂಜಲು ಹಚ್ಚಿಕೊಂಡು ನಕಾಶೆಯ ಹಾಳೆ ತಿರುವುವ ಅಧಿಕಾರಿಗಳು, ಇವರನ್ನೆಲ್ಲ ಕಂಡರೆ ಅವರ ಮೂಗು ಎಡಕ್ಕೆ ಸೊಟ್ಟಗಾಗುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಆ ಮೂಗು ನನಗೋಸ್ಕರವೇ ಸೊಟ್ಟಗಾಗುತ್ತಿದೆ ಎಂದುಕೊಂಡು ಬಚ್ಚಲಿಗೆ ಹೋಗಿ ಅತ್ತಿದ್ದೇನೆ. ಆಮೇಲೆ ಗೊತ್ತಾಯಿತು, ಅವರು ಕನ್ನಡಿ ನೋಡಿಕೊಳ್ಳುವಾಗಲೂ ಹಾಗೇ ಮಾಡುತ್ತಾರೆ. ಈಗ ನನ್ನ ಮೂಗೂ ಹಾಗೇ ಆಗಿದೆ. ನನ್ನ ಗಂಡ ಅದನ್ನು ಅಂಟುರೋಗ ಅನ್ನುತ್ತಾರೆ. ಅವರು ಪಂಪುಸೆಟ್ಟು ರಿಪೇರಿ ಮಾಡುವವರು, ಗ್ರೀಸು ಮೆತ್ತಿದ ಕೈಯಲ್ಲೇ ಊಟಕ್ಕೆ ಕೂರುವ ಮನುಷ್ಯ, ಅವರಿಗೆ ಯಾವುದೂ ಹೇಸಿಗೆಯಲ್ಲ.

ಅತ್ತೆಯ ಕೆಲಸ ಹೊಳೆಗಳ ಹೆಸರು ಕೇಳುವುದು. ಹೇಳಿದರೆ ಜನ ನಗುತ್ತಾರೆ. ಇದಕ್ಕೂ ಸಂಬಳ ಕೊಡ್ತಾರಾ ಎಂದು ನಮ್ಮ ಬೀದಿಯ ಟೈಲರ್ ಹಲ್ಲು ಕಿರಿದು ಕೇಳಿದ್ದ, ಅವತ್ತಿನಿಂದ ನಮ್ಮ ಮನೆಯ ಬಟ್ಟೆ ಅವನ ಅಂಗಡಿಗೆ ಹೋಗುವುದು ನಿಂತಿತು. ನಕಾಶೆ ಕಚೇರಿಯಲ್ಲಿ ಹಳೇ ಕಾಲದ ನಕಾಶೆಗಳ ವಿಭಾಗ ಅಂತ ಒಂದಿದೆ. ಒಂದು ಕಾಲದಲ್ಲಿ ಈ ಸೀಮೆ ಹೇಗಿತ್ತು, ದಾರಿ ಎಲ್ಲಿತ್ತು, ಕೆರೆ ಎಷ್ಟಿತ್ತು ಎಂದು ತೋರಿಸುವ ಹಾಳೆಗಳನ್ನು ಅಲ್ಲಿ ಮಾಡುತ್ತೇವೆ. ದಾರಿ, ಕೆರೆ, ಕೋಟೆಗಳೆಲ್ಲ ಹಳೆಯ ದಾಖಲೆಗಳಲ್ಲಿ ಸಿಗುತ್ತವೆ. ಸಣ್ಣ ಹೊಳೆ, ಹಳ್ಳ, ತೊರೆಗಳ ಹೆಸರನ್ನು ಮಾತ್ರ ಯಾರೂ ನೆಟ್ಟಗೆ ಬರೆದಿಟ್ಟಿಲ್ಲ. ಬರೆದರೂ ನಾಲ್ಕು ಹಾಳೆಯಲ್ಲಿ ನಾಲ್ಕು ಕಾಗುಣಿತ. ಒಂದು ಹೊಳೆಗೆ ಮೊಂಡಿಹೊಳೆ ಅಂತ ಹೆಸರು, ಎಷ್ಟು ಒಡ್ಡು ಹಾಕಿದರೂ ಒಡೆದುಕೊಂಡು ಹೋಗುತ್ತದೆ ಅಂತ. ಯಾವನೋ ಪುಣ್ಯಾತ್ಮ ಗುಮಾಸ್ತ ಅದನ್ನು ಮುಂಡೆಹೊಳೆ ಎಂದು ಬರೆದು, ಅದೇ ಅಚ್ಚಾಗಿ, ಆ ದಡದ ಶಾಲೆಯ ಗೋಡೆಯ ಮೇಲೂ ಅದೇ ಬಂತು. ಅತ್ತೆ ಅದನ್ನು ಸರಿಮಾಡಲು ಹೋದಾಗ ಅಲ್ಲಿನ ಮೇಷ್ಟ್ರು, 'ನಕಾಶೆಯಲ್ಲೇ ಹಾಗಿದೆಯಲ್ಲಮ್ಮ' ಎಂದರಂತೆ. ಅದನ್ನು ಹೇಳುವಾಗ ಅತ್ತೆಯ ಮೂಗು ಕಿವಿಯವರೆಗೆ ಹೋಗುತ್ತಿತ್ತು.

ನಾನು ಅದೇ ಕಚೇರಿಯಲ್ಲಿ ಹಾಳೆಯ ಮೇಲೆ ಹೆಸರು ಬರೆಯುವವಳು. ಮೊದಲು ಕೈಯಲ್ಲಿ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ. ಹೊಳೆಯ ತಿರುವಿಗೆ ಸರಿಯಾಗಿ ಅಕ್ಷರಗಳನ್ನು ಬಳಸಿ ಕೂರಿಸಬೇಕು, ಒತ್ತು ದೀರ್ಘ ಒಂದಕ್ಕೊಂದು ತಾಗಬಾರದು. ನನ್ನ ಬರವಣಿಗೆ ನೋಡಿದ ಮೇಲೇ ಅತ್ತೆ ನನ್ನನ್ನು ಮಗನಿಗೆ ತಂದುಕೊಂಡದ್ದು. 'ಮುಖ ಹೇಗೋ ಇರಲಿ, ಕೊಂಬು ಸರಿಯಾಗಿ ಬರೀತಾಳೆ' ಎಂದು ಮಗನಿಗೆ ಹೇಳಿದರಂತೆ. ನನ್ನ ಗಂಡ ಇದನ್ನು ಹೊಗಳಿಕೆ ಎಂದುಕೊಂಡು ಮೊದಲ ವಾರವೇ ನನಗೆ ಹೇಳಿಬಿಟ್ಟರು.

ನಮ್ಮ ವಿಭಾಗ ಇರುವುದು ಕಚೇರಿಯ ಹಿಂಭಾಗದಲ್ಲಿ, ಮೊದಲು ಉಗ್ರಾಣವಾಗಿದ್ದ ಕೋಣೆಯಲ್ಲಿ. ಅಂಟು, ಹಳೇ ಕಾಗದ, ಇಲಿ ಹಿಕ್ಕೆ ಮೂರೂ ಸೇರಿದ ಒಂದು ವಾಸನೆ ಅಲ್ಲಿದೆ. ಕಿಟಕಿ ತೆಗೆದರೆ ಎದುರಿಗೆ ಮೂತ್ರಾಲಯದ ಗೋಡೆ. ತೆಗೆಯದಿದ್ದರೆ ಉಸಿರು ಕಟ್ಟುತ್ತದೆ. ಬೆಳಿಗ್ಗೆ ತೆಗೆಯುವುದು, ಮಧ್ಯಾಹ್ನ ಬಿಸಿಲೇರಿದ ಮೇಲೆ ಮುಚ್ಚುವುದು ಎಂದು ನಾವೇ ಒಂದು ಒಪ್ಪಂದಕ್ಕೆ ಬಂದಿದ್ದೆವು. ವಿಭಾಗದ ಮುಖ್ಯಸ್ಥರು ಈ ವಾಸನೆ ತಡೆಯಲಾಗದೆ ಮೈಗೆಲ್ಲ ಸೆಂಟು ಹೊಡೆದುಕೊಂಡು ಬರುತ್ತಿದ್ದರು. ಅವರು ಒಳಗೆ ಬಂದರೆ ನಾಲ್ಕನೆಯ ವಾಸನೆ ಸೇರುತ್ತಿತ್ತು, ಅಷ್ಟೆ. ಕಚೇರಿಯಲ್ಲಿ ಅವರಿಗೆ ಸೆಂಟು ಸಾಹೇಬ ಎಂದೇ ಹೆಸರು. ಕುರ್ಚಿಯ ಹಿಂಗಾಲಿನ ಮೇಲೆ ತೂಗಾಡುತ್ತಾ ಮಾತಾಡುವುದು ಅವರ ಅಭ್ಯಾಸ, ಒಂದಲ್ಲ ಒಂದು ದಿನ ಬೀಳುತ್ತಾರೆ ಎಂದು ಅತ್ತೆ ಕಾಯುತ್ತಲೇ ಇದ್ದರು.

ಹೆಸರು ಕೇಳುವುದಕ್ಕೆ ಅತ್ತೆಯೇ ಮಾಡಿದ ನಿಯಮಗಳಿದ್ದವು. ದೊಡ್ಡ ದೊಡ್ಡ ಪಂಡಿತರ ಸಮಿತಿ ಕೂತು, ಇನ್ನೂ ಒಳ್ಳೆಯದು ಹೊಳೆಯದೆ, ಅದನ್ನೇ ಒಪ್ಪಿಕೊಂಡಿತ್ತು. ಒಂದು ಹೆಸರು ಹಾಳೆಗೆ ಏರಬೇಕಾದರೆ ಮೂರು ಬಾಯಿಂದ ಬರಬೇಕು. ಆ ಮೂರು ಬಾಯಿ ಒಂದೇ ಒಲೆಯವರದ್ದಾಗಿರಬಾರದು. ಹಾಳೆಯಲ್ಲಿ ತೋರಿಸುತ್ತಿರುವ ಕಾಲವನ್ನು ಕಂಡವರಾಗಿರಬೇಕು. ಇನ್ನೊಂದು, ಕೇಳುವವರು ತಾವು ಹುಟ್ಟಿ ಬೆಳೆದ ದಡಕ್ಕೆ ಹೋಗಬಾರದು, ಯಾಕೆಂದರೆ ತನಗೆ ಬೇಕಾದ್ದೇ ಕಿವಿಗೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಹೊಳೆಯ ಹೆಸರೇನು ಎಂದು ಯಾವತ್ತೂ ಕೇಳಬಾರದು.

'ಹೆಸರೇನು ಅಂದ ತಕ್ಷಣ ಜನ ತಲೆ ಬಾಚ್ಕೊಂಡು ನಿಂತ್ಕೋತಾರೆ ಕಣೇ' ಎನ್ನುತ್ತಿದ್ದರು. 'ಬಟ್ಟೆ ಎಲ್ಲಿ ಒಗೀತೀರಿ ಅಂತ ಕೇಳು. ದನ ಎಲ್ಲಿ ಕಳೀತು ಅಂತ ಕೇಳು. ಹುಡುಗರು ಎಲ್ಲಿ ಮುಳುಗಿ ಸಾಯ್ತಾರೆ ಅಂತ ಕೇಳು. ಸುತ್ತ ಸುತ್ತ ಕೇಳ್ತಾ ಹೋದ್ರೆ ಹೆಸರು ತಾನಾಗಿ ಬಾಯಿಗೆ ಬರುತ್ತೆ. ಆಗ ಮಾತ್ರ ಬರ್ಕೋ.'

ಅವರ ನಿವೃತ್ತಿಗೆ ಮುಂಚಿನ ಕೊನೆಯ ಹಾಳೆಯಲ್ಲಿ ಅವರ ತವರಿನ ಹೊಳೆ ಬಂತು. ಹುಟ್ಟಿದ ದಡ, ಅವರು ಹೋಗುವ ಹಾಗಿಲ್ಲ. ವಿಭಾಗದಲ್ಲಿ ಕೇಳಲು ಬರುವವರು ಬೇರೆ ಯಾರೂ ಉಳಿದಿರಲಿಲ್ಲ, ಒಬ್ಬ ವರ್ಗವಾಗಿ ಹೋಗಿದ್ದ, ಇನ್ನೊಬ್ಬ ಬೆನ್ನುನೋವು ಅಂತ ರಜೆಯ ಮೇಲೆ ರಜೆ ಹಾಕುತ್ತಿದ್ದ. ಕೊನೆಗೆ ನನಗೇ ಹೋಗು ಎಂದರು. ಆ ಹೊಳೆಯ ಹೆಸರೇನು ಎಂದು ನನಗೆ ಗೊತ್ತಿರಲಿಲ್ಲ. ಅತ್ತೆ ಅದನ್ನು ಮನೆಯಲ್ಲಿ 'ನಮ್ಮೂರ ಹೊಳೆ' ಎನ್ನುತ್ತಿದ್ದರು, ಅದೂ ಅಪರೂಪಕ್ಕೆ. ಹೊರಡುವ ದಿನ ಬಾಗಿಲಲ್ಲಿ ನಿಂತು, 'ಅಲ್ಲಿ ಯಾರ ಮನೇಲೂ ಕೂರಬೇಡ, ನಮ್ಮ ತಮ್ಮನ ಮನೇಲಂತೂ ನೀರೂ ಕುಡೀಬೇಡ' ಎಂದರು.

ಅತ್ತೆಯ ತಮ್ಮನನ್ನು ನಾವು ಸೈಟು ಮಾವ ಎನ್ನುತ್ತಿದ್ದೆವು. ಅಪ್ಪನಿಂದ ಬಂದ ಹೊಲವನ್ನೂ ಪಕ್ಕದವರ ಹೊಲವನ್ನೂ ಸೇರಿಸಿ, ಹೊಳೆಯ ದಡದ ಉದ್ದಕ್ಕೂ ಕಲ್ಲು ನೆಟ್ಟು ಸೈಟು ಮಾಡಿ ಮಾರುತ್ತಿದ್ದರು. ವರ್ಷಕ್ಕೆರಡು ಸಲ ನಮ್ಮ ಮನೆಗೆ ಸೇಬು ಹಿಡಿದುಕೊಂಡು ಬರುವರು, ಅಕ್ಕನ ಎದುರು ಕೈಕಟ್ಟಿ ಕೂರುವರು, ಸೈಟಿನ ವಿಷಯ ಬಿಟ್ಟು ಬೇರೆ ಮಾತೇ ಗೊತ್ತಿಲ್ಲದ ಮನುಷ್ಯ. ಅವರು ಎದ್ದು ಹೋದ ಮೇಲೆ ಅವರ ತಲೆಯೆಣ್ಣೆಯ ಕಲೆ ಗೋಡೆಯ ಮೇಲೆ ಉಳಿಯುತ್ತಿತ್ತು. ಅದನ್ನು ಒರೆಸುವುದು ನನ್ನ ಪಾಲಿಗೆ ಬಂದಿತ್ತು.

ಬಸ್ಸಿಳಿದ ಕೂಡಲೇ ದೊಡ್ಡದೊಂದು ಬೋರ್ಡು ಕಂಡಿತು. 'ಹೊನ್ನಹೊಳೆ ಬಡಾವಣೆ, ಪ್ರಕೃತಿಯ ಮಡಿಲಲ್ಲಿ ನಿಮ್ಮ ಮನೆ' ಎಂದು ಬರೆದು ಪಕ್ಕದಲ್ಲಿ ಒಂದು ಜೋಡಿ ಹಂಸ. ಬೋರ್ಡಿನ ಬುಡದಲ್ಲಿ ಪ್ರಕೃತಿಯ ಮಡಿಲು. ಬಣ್ಣದ ಕಾರ್ಖಾನೆಯ ನೀರು ಬಂದು ಸೇರಿ ಹೊಳೆ ಒಂದು ಬದಿ ನೇರಳೆ, ಇನ್ನೊಂದು ಬದಿ ಕಂದು. ನೊರೆ ಕಲ್ಲಿಗೆ ಅಂಟಿಕೊಂಡು ನಡುಗುತ್ತಿತ್ತು. ಪ್ಲಾಸ್ಟಿಕ್ ಚೀಲಗಳ ನಡುವೆ ಉಬ್ಬಿದ ಹಂದಿಯೊಂದು ಕಾಲು ಮೇಲೆ ಮಾಡಿ ತೇಲುತ್ತಿತ್ತು. ಮೂಗಿಗೆ ಸೆರಗು ಒತ್ತಿಕೊಂಡೇ ಕೆಲಸ ಶುರುಮಾಡಿದೆ.

ಆ ಕಾಲ ಕಂಡವರು ಎಂದರೆ ಬೆರಳೆಣಿಕೆಯ ಮುದುಕರು. ಮೊದಲು ಸಿಕ್ಕವನು ಹಳೇ ದೋಣಿಯವನು. ದೋಣಿ ಹೋಗಿ ಎಷ್ಟೋ ಕಾಲವಾಗಿತ್ತು, ಈಗ ಸೈಟಿನ ಕಲ್ಲು ಕಾಯುವ ಕೆಲಸ. ನಾನು ನಿಯಮದ ಪ್ರಕಾರ, 'ತಾತ, ಮೊದಲು ದೋಣಿ ಎಲ್ಲಿ ಕಟ್ತಿದ್ರಿ?' ಎಂದೆ.

'ಇದು ಹೊನ್ನಹೊಳೆ' ಎಂದ.

'ಅದಲ್ಲ ತಾತ, ದೋಣಿ…'

'ಹೊನ್ನಹೊಳೆ ಅಂತ ಬರ್ಕೊಳ್ಳಿ. ಹಿಂದಿನಿಂದ್ಲೂ ಅದೇ ಹೆಸರು.'

ಎರಡನೆಯವನು ಗಿರಣಿಯ ನಿವೃತ್ತ ಕಾವಲುಗಾರ. ನಾನು ಬಾಯಿ ತೆರೆಯುವ ಮುಂಚೆಯೇ ಹೊನ್ನಹೊಳೆ ಎಂದು, ಬಾಯಿಪಾಠ ಒಪ್ಪಿಸಿದ ಹುಡುಗನ ಹಾಗೆ ನನ್ನ ಮುಖ ನೋಡಿದ. ಅವನ ಸೊಸೆ ಹಿಂದಿನಿಂದ, 'ಮಾವ, ಹಿಂದಿನಿಂದ್ಲೂ ಅಂತ ಹೇಳಿ' ಎಂದು ನೆನಪಿಸಿದಳು. ಮೂರನೆಯವನಿಗೆ ಕಿವಿ ಕೇಳುತ್ತಿರಲಿಲ್ಲ, ಆದರೂ ಉತ್ತರ ಗೊತ್ತಿತ್ತು. ಎಲ್ಲರ ಬಾಯಿಗೂ ಬೆಣ್ಣೆ ಬಿದ್ದಿದೆ, ಸೈಟು ಮಾವ ನನಗಿಂತ ಮೊದಲೇ ಮನೆ ಮನೆ ತಿರುಗಿದ್ದಾರೆ ಎಂದು ತಿಳಿಯಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಆ ನಾರುವ ನೀರಿನ ಪಕ್ಕ ನಿಂತು ಬಂಗಾರದ ಹೆಸರು ಹೇಳುವಾಗ ಒಬ್ಬರಿಗೂ ನಾಚಿಕೆಯಾಗಲಿಲ್ಲ. ನನಗೆ ಹಂದಿಯೇ ವಾಸಿ ಅನ್ನಿಸಿತು.

ಉಳಿದವಳು ಒಬ್ಬ ಮುದುಕಿ, ಮೇಕೆ ಮೇಯಿಸುವವಳು. ಅವಳೂ ಮೊದಲು ಹೊನ್ನಹೊಳೆಯನ್ನೇ ಒಪ್ಪಿಸಿದಳು. ನಾನು ಸರಿ ಎಂದು ಸುಮ್ಮನೆ ಅವಳ ಪಕ್ಕ ಕಲ್ಲಿನ ಮೇಲೆ ಕೂತೆ, ಬಸ್ಸಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಅವಳ ಹೋತವೊಂದು ಬಂದು ನನ್ನ ಚೀಲಕ್ಕೆ ಬಾಯಿ ಹಾಕಿ, ಒಳಗಿದ್ದ ಕಾಗದ ಎಳೆದುಕೊಂಡು ಓಡಿತು. ಮುದುಕಿ ಎದ್ದು ಕೋಲು ಬೀಸಿದಳು.

'ನಿನ್ನ ವಂಶ ಹಾಳಾಗ, ನಿನ್ನನ್ನ ಹೆಣದಹೊಳೆಗೆ ಎಳೀಲಿ, ಬಿಡೋ ಕಾಗದಾನ.'

ಹೋತ ಬಿಡಲಿಲ್ಲ. ಮುದುಕಿ ಕೂತು ಏದುಸಿರು ಬಿಟ್ಟಳು. ನಾನು ಮೆಲ್ಲಗೆ, 'ಅಜ್ಜಿ, ಹೆಣದಹೊಳೆ ಅಂದ್ರಲ್ಲ, ಅದೆಲ್ಲಿದೆ?' ಎಂದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ಕೋಲಿನಿಂದ ಎದುರಿಗಿದ್ದ ನೀರನ್ನು ತೋರಿಸಿ, 'ಇನ್ನೆಲ್ಲಿರುತ್ತೆ, ಇದೇ ತಾನೇ' ಎಂದಳು. 'ನಿಮ್ಮ ಮಾವ ಒಳ್ಳೇವ್ರು ಕಣಮ್ಮ. ನನ್ನ ಮೊಮ್ಮಗನಿಗೆ ಕೆಲಸ ಕೊಡ್ತೀನಿ ಅಂದವ್ರೆ. ನಾ ಹೇಳಿದ್ದು ಅಂತ ಹೇಳ್ಬೇಡ.' ಹೇಳದೆ ಇರುವುದಕ್ಕಾಗುವುದಿಲ್ಲ, ಬರೆಯಲೇಬೇಕು ಎಂದೆ. ಅವಳು ಕೋಲನ್ನು ಪಕ್ಕಕ್ಕಿಟ್ಟು, ಬರ್ಕೋ ಹೋಗು, ಎಷ್ಟು ದಿನ ಬದುಕ್ತೀನಿ ನಾನು, ಎಂದಳು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಹೆಣದಹೊಳೆ ಎಂದಾಗ ಅವರ ಮೂಗು ಸೊಟ್ಟಗಾಗಲಿಲ್ಲ. ನೆಟ್ಟಗೇ ಇತ್ತು, ನನಗೆ ಅದೇ ಭಯವಾಯಿತು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, 'ಅದೇ ಹೆಸರು' ಎಂದರು. ಕಥೆ ಏನೆಂದು ಅವತ್ತು ಹೇಳಲಿಲ್ಲ.

ಮಾರನೆಯ ದಿನ ಸೆಂಟು ಸಾಹೇಬರ ಕೋಣೆಯಲ್ಲಿ ಪಂಚಾಯಿತಿ. ಅವರು ಕುರ್ಚಿ ತೂಗುತ್ತಾ, 'ಇದರಲ್ಲಿ ಯೋಚನೆ ಮಾಡೋದು ಏನಿದೆ? ಹೊನ್ನಹೊಳೆಗೆ ಮೂರು ಬಾಯಿ ಆಯ್ತು. ನಿಮ್ಮ ಹೆಸರಿಗೆ ಒಂದು, ಅದೂ ಮೇಕೆ ದಯೆಯಿಂದ. ಕೇಳೋಕೂ ಚೆನ್ನಾಗಿದೆ, ಹೊನ್ನಹೊಳೆ' ಎಂದರು.

'ಹೇಳಿಕೊಟ್ಟ ಬಾಯಿ ಲೆಕ್ಕಕ್ಕಿಲ್ಲ' ಎಂದರು ಅತ್ತೆ.

'ಹೇಳಿಕೊಟ್ರು ಅಂತ ಬರೆದು ಕೊಡೋರು ಯಾರು? ನಿಮ್ಮ ತಮ್ಮಂದೇ ಬಡಾವಣೆ, ನೀವೇ ತಕರಾರು ತೆಗೀತೀರಿ. ನಾಳೆ ಸಮಿತಿ ನನ್ನ ತಲೆ ತಿನ್ನುತ್ತೆ.' ಅವರು ಕರವಸ್ತ್ರ ತೆಗೆದು ಮೂಗು ಒರೆಸಿದರು, ಕೋಣೆಯೆಲ್ಲ ಘಂ ಎಂದಿತು. 'ಒಂದು ಮಾಡೋಣ. ಹೊನ್ನಹೊಳೆ ದೊಡ್ಡದಾಗಿ ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಹಾಕೋಣ. ಯಾರಿಗೂ ನೋವಾಗಲ್ಲ.'

'ಸಣ್ಣಕ್ಷರದಲ್ಲಿ ಹಾಕೋದಾದ್ರೆ ಹಾಕಲೇಬೇಡಿ.'

'ಹಾಗಾದ್ರೆ ಇನ್ನೆರಡು ಬಾಯಿ ತನ್ನಿ. ಮೂರಕ್ಕೆ ಮೂರು ಆದ್ರೆ ನಿಮ್ಮ ಮಾತು ನಂಬ್ತೀನಿ. ಹಾಳೆ ಅಚ್ಚಿಗೆ ಹೋಗೋವರೆಗೆ ಸಮಯ.'

ಅತ್ತೆ ಕುರ್ಚಿ ಎಳೆದು ಅವರ ಎದುರಿಗೆ ಕೂತರು. ಅಷ್ಟು ವರ್ಷದಲ್ಲಿ ಅವರು ಆ ಕೋಣೆಯಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ, ಆ ಕುರ್ಚಿಯ ಗಲೀಜು ಬಟ್ಟೆ ಕಂಡರೆ ಅವರಿಗಾಗದು. 'ನನ್ನ ದಡದಲ್ಲಿ ನಾನು ಕೇಳಬಾರದು ಅಂತ ನಿಯಮ. ನಾನು ಹೇಳಬಾರದು ಅಂತ ಇಲ್ಲ. ಎರಡನೇ ಬಾಯಿ ನನ್ನದು. ಸೊಸೆ ಒಂದೇ ಒಲೆಯವಳು, ಅವಳು ಕೇಳಿದ್ರೆ ಚೆನ್ನಾಗಿರಲ್ಲ. ನೀವು ಕೇಳಿ' ಎಂದರು.

ಸಾಹೇಬರಿಗೆ ಕೇಳುವುದು ಹೇಗೆ ಎಂದೇ ಗೊತ್ತಿರಲಿಲ್ಲ. ನಿಮ್ಮೂರ ಹೊಳೆಯ ಹೆಸರೇನಮ್ಮ ಎಂದು ನೇರ ಕೇಳಿಬಿಟ್ಟರು. ಅತ್ತೆಯ ಮೂಗು ಆಗ ಸೊಟ್ಟಗಾಯಿತು. ಆದರೂ ಹೇಳಿದರು, ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ಅವರು ಹುಡುಗಿಯಾಗಿದ್ದಾಗ ಊರಿಗೆ ವಾಂತಿಭೇದಿ ಬಂತು. ಮನೆಮನೆಯಲ್ಲೂ ಸಾವು. ಗುಂಡಿ ತೋಡುವವರೇ ಮಲಗಿದರು. ಹೆಣಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ಹೊಳೆಗೆ ಬಿಟ್ಟರು. ಅದಕ್ಕೆ ಮೊದಲು ಅದು ಬರೀ ಹೊಳೆ, ಆಮೇಲೆ ಹೆಣದಹೊಳೆ. 'ನಮ್ಮಮ್ಮನೂ ಅದರಲ್ಲೇ ಹೋದ್ಲು' ಎಂದರು.

ಸಾಹೇಬರ ಕುರ್ಚಿ ತೂಗುವುದು ನಿಂತಿತ್ತು. 'ನೀವು ನೋಡಿದ್ರಾ?' ಎಂದರು ಮೆಲ್ಲಗೆ.

'ಇಲ್ಲ. ನನಗೂ ಅದೇ ಕಾಯಿಲೆ, ಮಲಗಿದ್ದೆ. ಎದ್ದಾಗ ಅಮ್ಮ ಇರಲಿಲ್ಲ. ಹೆಸರಿಗೆ ಕಿವಿ ಸಾಕು, ಕಣ್ಣು ಬೇಕಾಗಿಲ್ಲ. ಬರ್ಕೊಳ್ಳಿ.'

ಅವರು ಬರೆದುಕೊಂಡರು. ನನ್ನ ಗಂಡನಿಗೂ ಇದು ಗೊತ್ತಿರಲಿಲ್ಲ. ಅಜ್ಜಿ ಕಾಯಿಲೆಯಿಂದ ಸತ್ತರು ಎಂದಷ್ಟೇ ಅವರಿಗೆ ಹೇಳಿದ್ದರು. ಸಂಜೆ ನಾನು ಹೇಳಿದಾಗ ಸ್ಪ್ಯಾನರ್ ಕೆಳಗಿಟ್ಟು, ಎಷ್ಟೋ ಹೊತ್ತು ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಕೂತರು.

ಮೂರನೆಯ ಬಾಯಿ ಬೇಕಿತ್ತು. ಉಳಿದವರೆಲ್ಲ ಹೊನ್ನಹೊಳೆಯವರು. ಆ ಕಾಲ ಕಂಡವರಲ್ಲಿ ಇನ್ನೂ ಬಾಯಿ ಬಿಡದಿದ್ದವರು ಒಬ್ಬರೇ, ಸೈಟು ಮಾವ. ಅಕ್ಕ ತಮ್ಮ ಒಂದೇ ಒಲೆ ಬಿಟ್ಟು ಬಹಳ ಕಾಲವಾಗಿತ್ತು, ನಿಯಮಕ್ಕೆ ಅಡ್ಡಿಯಿಲ್ಲ. ಆದರೆ ಬೋರ್ಡಿಗೆ ಹಂಸ ಬರೆಸಿದವರು ಬಂದು ಹೆಣದಹೊಳೆ ಎನ್ನುತ್ತಾರೆಯೇ? ನಾನು ಅತ್ತೆಗೆ ಹಾಗೇ ಹೇಳಿದೆ.

ಅತ್ತೆ ಆ ದಡಕ್ಕೆ ಹೋಗಬೇಕಾಗಲಿಲ್ಲ, ಮಾವ ತಾವಾಗಿಯೇ ಬಂದರು. ಮೇಕೆಯ ಮುದುಕಿ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. ಮಧ್ಯಾಹ್ನದ ಹೊತ್ತು, ಬೆವರಿನಿಂದ ಷರಟು ಬೆನ್ನಿಗೆ ಅಂಟಿತ್ತು. ಸೇಬಿನ ಚೀಲವನ್ನು ನನ್ನ ಕೈಗೆ ಕೊಟ್ಟು, ಎಂದಿನ ಹಾಗೆ ಕೈಕಟ್ಟಿ ಗೋಡೆಗೆ ತಲೆ ಒರಗಿಸಿ ಕೂತರು. ಇವತ್ತೂ ಒರೆಸಬೇಕಲ್ಲ ಎಂದು ನನಗೆ ಉರಿಯಿತು. ಅತ್ತೆ ಎದುರಿನ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದ ಸ್ಟೂಲಿನ ಮೇಲೆ ಕಚೇರಿಯ ಕಾರ್ಡು. ಯಾರ ಬಾಯಿಂದ ಯಾವ ಹೆಸರು ಬಂತು ಎಂದು ಬರೆದಿಡಲು ಒಂದೊಂದು ಹೊಳೆಗೂ ಅಂಥ ಒಂದು ಕಾರ್ಡು ಇರುತ್ತದೆ.

'ಅಕ್ಕ, ಆ ಹೆಸರು ಬೇಡ' ಎಂದರು ಮಾವ.

'ಯಾಕೆ, ಸೈಟು ಹೋಗಲ್ವಾ?'

'ಸೈಟು ಹೋದ್ರೆ ಹೋಗ್ಲಿ, ಬಿಟ್ರೆ ಬಿಡ್ಲಿ. ಅಲ್ಲೇ ಬದುಕಬೇಕು ನಾನು. ನನ್ನ ಮಕ್ಕಳು ಮೊಮ್ಮಕ್ಕಳು ಅಲ್ಲೇ ಇದಾರೆ. ಬರೋ ಪ್ರತಿ ಕಾಗದದ ಮೇಲೆ ಅದು ಇರಬೇಕಾ? ಶಾಲೇಲಿ ಮಗೂನ ನಿಮ್ಮನೆ ಎಲ್ಲಿ ಅಂದ್ರೆ ಅದನ್ನ ಹೇಳಬೇಕಾ?'

ಆ ಹೆಸರು, ಅದು, ಅದನ್ನ. ಮಾವ ಅದನ್ನು ಬಾಯಲ್ಲಿ ಆಡುತ್ತಿಲ್ಲ ಎಂದು ನನಗೆ ಆಗ ಹೊಳೆಯಿತು. ಈ ಮನೆಯಲ್ಲಿ ಅವರು ಎಷ್ಟು ಸಲ ಕೂತು ಮಾತಾಡಿದ್ದಾರೆ, ಒಂದು ಸಲವೂ ಆಡಿರಲಿಲ್ಲ. ನಾನು ಅವರನ್ನು ಬರೀ ದುಡ್ಡಿನ ಹುಳು ಎಂದುಕೊಂಡಿದ್ದೆ. ಆ ಅಭಿಪ್ರಾಯ ಪೂರ್ತಿ ಬದಲಾಯಿತು ಎಂದು ಸುಳ್ಳು ಹೇಳುವುದಿಲ್ಲ, ಆದರೆ ಕೈಯಲ್ಲಿದ್ದ ಸೇಬಿನ ಚೀಲ ಭಾರವಾಯಿತು.

ಅತ್ತೆ ವಾದ ಮಾಡಲಿಲ್ಲ. ಬೇರೆ ಏನೋ ನೆನಪಾದ ಹಾಗೆ, 'ಅವತ್ತು ಗಾಡಿ ಯಾರದ್ದೋ?' ಎಂದರು.

ಮಾವ ತಲೆ ಎತ್ತಿದರು. 'ಯಾವತ್ತು?'

'ಅಮ್ಮ ಹೋದಾಗ.'

'ಗಾಣದವನದು.'

'ಅವನ ಹತ್ತಿರ ಒಂದೇ ಎತ್ತಲ್ವಾ ಇದ್ದದ್ದು?'

'ಒಂದೇ. ಇನ್ನೊಂದು ಕಡೆ ನೊಗಕ್ಕೆ ಅವನೇ ಹೆಗಲು ಕೊಟ್ಟ. ನಾನು ಹಿಂದಿನಿಂದ ತಳ್ತಿದ್ದೆ.'

'ಅಪ್ಪ?'

'ಅಪ್ಪ ನಿನ್ನ ಹತ್ತಿರ ಕೂತಿದ್ರು. ನೀನೂ ಹೋಗ್ತೀಯ ಅಂದ್ಕೊಂಡಿದ್ರು.'

ಅವರ ದನಿ ಬದಲಾಗುತ್ತಿತ್ತು. ಬೊಜ್ಜಿನ ಮೈಯೊಳಗಿಂದ ಚಿಕ್ಕವನೊಬ್ಬ ಮಾತಾಡುತ್ತಿರುವಂತಿತ್ತು. ಅತ್ತೆಯ ದನಿ ಮಾತ್ರ ಬದಲಾಗಲಿಲ್ಲ. ಆ ದನಿ ನನಗೆ ಗೊತ್ತಿತ್ತು. ಹೊಳೆಯ ದಡದಲ್ಲಿ ಯಾವುದೋ ಊರಿನ ಯಾರೋ ಮುದುಕನ ಪಕ್ಕ ಕೂತು ದನ ಎಲ್ಲಿ ಕಳೆಯಿತು ಎಂದು ಕೇಳುವ ದನಿ ಅದು. ಅತ್ತೆ ತಮ್ಮನೊಂದಿಗೆ ಮಾತಾಡುತ್ತಿರಲಿಲ್ಲ, ಸುತ್ತ ಸುತ್ತ ಕೇಳುತ್ತಾ ಬರುತ್ತಿದ್ದರು. ಬೇಡ ಅತ್ತೆ ಎನ್ನಬೇಕೆಂದುಕೊಂಡೆ, ಎನ್ನಲಿಲ್ಲ.

'ಮನೇಲಿ ಕೆಂಪಂಚಿನ ಚಾಪೆ ಇತ್ತು. ನಾನು ಎದ್ದ ಮೇಲೆ ಹುಡುಕಿದೆ, ಇರಲಿಲ್ಲ.'

'ಅದರಲ್ಲೇ ಸುತ್ತಿದ್ದು. ಚಾಪೆ ಸಮೇತ.'

'ಕಟ್ಟಿದವರು ಯಾರು?'

'ನಾನೇ. ಗಾಣದವನು ಮುಟ್ಟಲಿಲ್ಲ. ಹೆದರ್ತಿದ್ದ.'

'ಅಮ್ಮನ್ನ ಎಲ್ಲಿ ಬಿಟ್ಟು ಬಂದೆ?'

ಹೊರಗೆ ಬೀದಿಯಲ್ಲಿ ಹಳೇ ಪಾತ್ರೆ ಕೊಳ್ಳುವವನು ಕೂಗುತ್ತಾ ಹೋದ. ಆ ಕೂಗು ತಿರುವಿನಾಚೆ ಹೋಗುವವರೆಗೂ ಮಾವ ಬಾಯಿ ತೆರೆಯಲಿಲ್ಲ. ಆಮೇಲೆ ತೆರೆದರು.

'ಹೆಣದಹೊಳೇಲಿ' ಎಂದರು. 'ಕಲ್ಲಿನ ಮೆಟ್ಟಿಲು ಇದೆಯಲ್ಲ, ಅದರ ಕೆಳಗೆ. ಮುಳುಗಲಿಲ್ಲ ಅಕ್ಕ. ತೇಲ್ತಾ ತೇಲ್ತಾ ಮತ್ತೆ ದಡಕ್ಕೇ ಬಂತು. ಗಾಣದವನು ಕೋಲು ಕೊಟ್ಟು ತಳ್ಳು ಅಂದ. ತಳ್ಳಿದೆ. ಮತ್ತೆ ಬಂತು. ಮತ್ತೆ ತಳ್ಳಿದೆ.'

ಅತ್ತೆ ಪೆನ್ನು ತೆಗೆದುಕೊಂಡು ಕಾರ್ಡಿನ ಮೇಲೆ ಬರೆದರು. ಮಾವ ಅದನ್ನು ನೋಡುತ್ತಿದ್ದರು. ಬರೆದು ಮುಗಿದ ಮೇಲೆ ಅವರಿಗೆ ಅರ್ಥವಾಯಿತು ಎಂದು ಕಾಣುತ್ತದೆ, ಎದ್ದು ನಿಂತರು. ಬೈಯಲಿಲ್ಲ, ಅಳಲಿಲ್ಲ. ಬಾಗಿಲಲ್ಲಿ ಚಪ್ಪಲಿ ಸಿಗದೆ ಕಾಲಿನಿಂದ ತಡಕಾಡಿದರು, ನಾನು ಹೋಗಿ ಸರಿಸಿಕೊಟ್ಟೆ. ಬರ್ತೀನಿ ಕಣಮ್ಮ ಎಂದು ನನಗೆ ಮಾತ್ರ ಹೇಳಿ ಹೋದರು.

ಆ ದಿನದವರೆಗೆ ನನಗೆ ಎಲ್ಲರ ಮೇಲೂ ಹೇಸಿಗೆ ಇತ್ತು, ಅತ್ತೆಯೊಬ್ಬರನ್ನು ಬಿಟ್ಟು. ಸಾಹೇಬರ ಸೆಂಟು, ಹೊನ್ನಹೊಳೆಯ ಮುದುಕರು, ಬೋರ್ಡಿನ ಹಂಸ, ಎಲ್ಲವನ್ನೂ ಅತ್ತೆಯ ಪಕ್ಕ ನಿಂತು ನಾನು ಮೂಗು ಮುರಿದು ನೋಡಿದ್ದೆ. ಅವತ್ತು ಅವರ ಮೇಲೇ ಹೇಸಿಗೆಯಾಯಿತು. ಒಂದು ಕಾರ್ಡು ತುಂಬಿಸಲು ಒಡಹುಟ್ಟಿದವನ ಬಾಯಿಗೆ ಕೈಹಾಕಿ ಕಿತ್ತುಕೊಂಡರು. ಆ ಕಾರ್ಡನ್ನು ಮುಟ್ಟಲೂ ನನಗೆ ಮನಸ್ಸಾಗಲಿಲ್ಲ. ಅತ್ತೆ ಊಟಕ್ಕೆ ಏಳಲಿಲ್ಲ, ನಾನೂ ಏಳಿ ಎನ್ನಲಿಲ್ಲ.

ಸಾಹೇಬರು ಮಾತಿಗೆ ತಪ್ಪಲಿಲ್ಲ, ಹೊನ್ನಹೊಳೆಯನ್ನು ಹೊಡೆದುಹಾಕಿದರು. ಹಾಳೆಯ ಮೇಲೆ ಆ ಹೆಸರು ಕೂರಿಸಿದವಳು ನಾನೇ. ಹೊಳೆ ಅಲ್ಲಿ ಮೆಟ್ಟಿಲ ಹತ್ತಿರ ಬಾಗುತ್ತದೆ, ಅಕ್ಷರಗಳನ್ನೂ ಬಾಗಿಸಬೇಕು. 'ಣ'ದ ಹೊಟ್ಟೆ ದಡದ ಗೆರೆಗೆ ತಾಗುತ್ತಿತ್ತು. ಹಿಂದಕ್ಕೆ ತಂದೆ, ಮುಂದಕ್ಕೆ ತಳ್ಳಿದೆ, ಎಲ್ಲಿ ಇಟ್ಟರೂ ದಡಕ್ಕೇ ಬಂದು ತಾಗುತ್ತಿತ್ತು. ಎದ್ದು ಹೋಗಿ ಆ ಮೂತ್ರಾಲಯದ ಗೋಡೆಯ ಬುಡದಲ್ಲಿ ವಾಂತಿ ಮಾಡಿಕೊಂಡು ಬಂದು ಮುಗಿಸಿದೆ.

ಸೈಟು ಮಾವ ಆಮೇಲೆ ಬರಲಿಲ್ಲ. ಫೋನು ಮಾಡಿದರೆ ಹೆಂಡತಿ ಎತ್ತಿ, ಊರಲ್ಲಿಲ್ಲ ಎನ್ನುವಳು. ಬೋರ್ಡು ಇನ್ನೂ ಅಲ್ಲೇ ಇದೆಯಂತೆ. ಅಕ್ಕನ ಹಾಳೆಯನ್ನು ಅಲ್ಲಿ ಯಾರು ನೋಡಬೇಕು, ಸೈಟುಗಳು ಹೊನ್ನಹೊಳೆಯ ಹೆಸರಿನಲ್ಲೇ ಚೆನ್ನಾಗಿ ಹೋಗುತ್ತಿವೆ.

ಹಾಳೆ ಅಚ್ಚಾಗಿ ಬಂದ ದಿನ, ಅತ್ತೆ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ನಿವೃತ್ತಿಯಾಗಿತ್ತು, ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ನನ್ನೊಳಗೆ ಅಷ್ಟು ದಿನ ಕುದಿಯುತ್ತಿದ್ದದ್ದು ಆಗ ಉಕ್ಕಿತು. 'ಈ ಒಂದು ಹೆಸರಿಗೋಸ್ಕರ ಮಾವನ್ನ ಹಾಗೆ ಕೇಳಬೇಕಿತ್ತಾ ಅತ್ತೆ? ಅವರು ಹೇಳದೇ ಹೋಗಿದ್ರೆ ಏನ್ಮಾಡ್ತಿದ್ರಿ?' ಎಂದೆ.

'ಬರೀತಿದ್ದೆ' ಎಂದರು.

'ಮೂರನೇ ಬಾಯಿ ಇಲ್ದೆ?'

'ಸತ್ತವರು ಯಾರದ್ದಾದ್ರೂ ಹೆಸರು ಕಾರ್ಡಿಗೆ ಹಾಕ್ತಿದ್ದೆ. ಹೋದ ವರ್ಷ ಹೇಳಿದ್ರು, ಈಗ ಇಲ್ಲ ಅಂತ. ಯಾರು ಹೋಗಿ ಕೇಳ್ತಾರೆ?'

ಜೀವಮಾನವಿಡೀ ನಿಯಮ ನಿಯಮ ಎಂದು ನಮ್ಮ ತಲೆ ತಿಂದವರು, ಉಪ್ಪಿನ ಡಬ್ಬಿ ಎಲ್ಲಿಟ್ಟೆ ಎಂದು ಹೇಳುವ ಹಾಗೆ ಇದನ್ನು ಹೇಳಿದರು.

'ಹಾಗಾದ್ರೆ ಅವರನ್ನ ಯಾಕೆ ಕೇಳಿದ್ರಿ?'

ಅತ್ತೆ ಹಾಳೆಯಿಂದ ಕಣ್ಣು ತೆಗೆಯಲಿಲ್ಲ. 'ಅಮ್ಮನ ಜೊತೆ ಹೊಳೆವರೆಗೆ ಹೋದವನು ನಮ್ಮನೇಲಿ ಅವನೊಬ್ಬನೇ ಕಣೇ. ಅವನು ಚಿಕ್ಕವನಿದ್ದಾಗ, ಮಗು ಹೆದರುತ್ತೆ ಕೇಳಬೇಡ ಅಂತ ಅಪ್ಪ ಅಂದ್ರು. ದೊಡ್ಡವನಾದ್ಮೇಲೆ ಕೇಳೋಕೆ ಒಂದು ನೆಪ ಬೇಕಿತ್ತು. ಅದು ಸಿಗೋ ಹೊತ್ತಿಗೆ ಇಷ್ಟು ವಯಸ್ಸಾಯ್ತು.'